ಮಡಿಲಕ್ಕಿ ಕಟ್ಟಿ ಕಳಿಸಿದ ಮೇಲೆ

ಹೋದ ವಾರ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಸಹೋದ್ಯೋಗಿಯೊಬ್ಬರು ಬಾಗಿಲು ಮುಂದೆ ಮಾಡಿದರು. ಕುರ್ಚಿ ಹತ್ತಿರಕ್ಕೆಳೆದು ಕೂತು, "ಮೇಡಂ, ನಮ್ಮ ನಾದಿನಿಗೆ ಅವಳ ಗಂಡ ಹೊಡೀತಾರಂತೆ. ನಿಮ್ಮ ಮನೇಲೂ ಹೀಗೇ ಆಗಿತ್ತಲ್ಲ, ನಾವು ಅವಳಿಗೆ ಏನು ಹೇಳ್ಬೇಕು?" ಅಂದರು. ಈ ಪ್ರಶ್ನೆ ನನಗೆ ಹೊಸದಲ್ಲ. ನನ್ನ ದೊಡ್ಡಮ್ಮನ ಮಗಳ ವಿಷಯ ನಂಟರಿಷ್ಟರಿಗೆಲ್ಲ ಗೊತ್ತಾದ ಮೇಲೆ ಆಗಾಗ ಯಾರಾದರೊಬ್ಬರು ಹೀಗೆ ದನಿ ತಗ್ಗಿಸಿ ಕೇಳುತ್ತಾರೆ. ಎಲ್ಲರೂ ಕೇಳುವುದು ಒಂದೇ: ಏನು ಹೇಳಬೇಕು? ಅವಳಿಗೆ ಹೇಳುವವರು ಆಗಲೇ ಬೇಕಾದಷ್ಟು ಮಂದಿ ಇದ್ದಾರೆ. ಗಂಡ ಹೇಳುತ್ತಾನೆ, ಅತ್ತೆ ಹೇಳುತ್ತಾರೆ, ಅಪ್ಪ ಅಮ್ಮ ಹೇಳುತ್ತಾರೆ, ಸೋದರಮಾವ ಊರಿನಿಂದ ಬಂದು ಹೇಳಿ ಹೋಗುತ್ತಾರೆ. ಅವಳನ್ನು ಕೇಳುವವರು ಎಷ್ಟು ಮಂದಿ ಅನ್ನುವುದು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ತಂಗಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಹಾಕಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. "ಬರಿ ಅಕ್ಕ, ಆದ್ರೆ ನನ್ನನ್ನ ಪಾಪದವಳ ಥರ ಬರೀಬೇಡ" ಅಂದಿದ್ದಾಳೆ.

ಹಾಲ್‌ನಲ್ಲಿ ನಡೆದ ಮಾತುಕತೆ

ನಮ್ಮ ಕಡೆ ಇಂಥ ವಿಷಯ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದಕ್ಕೆ ಎಷ್ಟೋ ವರ್ಷ ಮೊದಲೇ ಮನೆಯ ಹಾಲ್‌ನಲ್ಲಿ ವಿಚಾರಣೆಗೆ ಬಂದಿರುತ್ತದೆ. ದೊಡ್ಡಮ್ಮನ ಮನೆಯಲ್ಲೂ ಹಾಗೇ ಆಯಿತು. ಒಂದು ಭಾನುವಾರ ಸೋಫಾದ ಮೇಲೆ ಇಬ್ಬರು ಮಾವಂದಿರು, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಗಂಡಿನ ಕಡೆಯ ಚಿಕ್ಕಪ್ಪ ಮತ್ತು ಮದುವೆ ಕುದುರಿಸಿದ್ದ ಹಿರಿಯರು, ಗೋಡೆಗೊರಗಿ ನೆಲದ ಮೇಲೆ ನಮ್ಮಂಥ ಹೆಂಗಸರು. ಅಳಿಯಂದಿರು ಬಿಳಿ ಶರ್ಟು ಹಾಕಿಕೊಂಡು ಬಂದಿದ್ದರು. ಬಂದವರೇ ದೊಡ್ಡಮ್ಮನ ಕಾಲಿಗೆ ನಮಸ್ಕಾರ ಮಾಡಿದರು. ತುಂಬ ಮೆತ್ತಗೆ ಮಾತಾಡುವ ಮನುಷ್ಯ. "ಕೋಪದಲ್ಲಿ ಕೈ ಮುಂದಾಯ್ತು, ನನ್ನದೇ ತಪ್ಪು" ಅಂತ ತಾವಾಗಿಯೇ ಒಪ್ಪಿಕೊಂಡರು. ಅಷ್ಟು ಹೇಳಿದ ಕೂಡಲೇ ಕೂತವರೆಲ್ಲರ ಮುಖ ಸಡಿಲವಾದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ದೊಡ್ಡ ಮಾವ, "ಆಯ್ತಪ್ಪ, ಗಂಡಸು, ಒಂದು ಮಾತು ಬರುತ್ತೆ ಹೋಗುತ್ತೆ. ಕೈ ಎತ್ತಬಾರದಿತ್ತು. ಅವಳೂ ಎದುರು ಮಾತಾಡೋದು ಬಿಡ್ಲಿ" ಅಂದು ಎರಡೂ ಕಡೆ ಸಮ ಮಾಡಿದರು.

ಆಗ ನನ್ನ ತಂಗಿ ಎಲ್ಲಿದ್ದಳು? ಅಡುಗೆಮನೆಯಲ್ಲಿ. ತನ್ನ ಬದುಕಿನ ತೀರ್ಮಾನ ಮಾಡುತ್ತಿದ್ದವರಿಗೆ ಕಾಫಿ ಸೋಸುತ್ತಿದ್ದಳು. ಎಡಗೈ ಮಣಿಕಟ್ಟು ಊದಿಕೊಂಡಿದ್ದರಿಂದ ಪಾತ್ರೆಯನ್ನು ಬಲಗೈಯಲ್ಲೇ ಹಿಡಿದು, ಸೋಸುವ ಬಟ್ಟೆಯ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟಿದ್ದಳು. ಕಾಫಿ ಕೊಟ್ಟಾದ ಮೇಲೆ ಅವಳನ್ನು ಕರೆದು, "ಏನಮ್ಮ, ಹೊಂದಿಕೊಂಡು ಹೋಗ್ತೀಯಾ?" ಅಂತ ಕೇಳಿದರು. ಅಷ್ಟು ಜನರ ಎದುರು, ಗಂಡನೂ ಅಲ್ಲೇ ಕೂತಿರುವಾಗ, ತಲೆಯಾಡಿಸುವುದಲ್ಲದೆ ಇನ್ನೇನು ಮಾಡಿಯಾಳು? ಸಂಜೆ ದೊಡ್ಡಮ್ಮ ಅವಳ ಮಡಿಲು ತುಂಬಿದರು. ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ, ಹೊಸ ರವಿಕೆ ಕಣ. ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸುವಾಗ ದೊಡ್ಡಮ್ಮನ ಕೈ ನಡುಗುತ್ತಿತ್ತು. ಅವರಿಗೆ ಗೊತ್ತಿರಲಿಲ್ಲ ಅಂತಲ್ಲ. ಹೆತ್ತವರಿಗೆ ಎಲ್ಲಾ ಗೊತ್ತಿರುತ್ತದೆ. ಗೊತ್ತಿದ್ದೂ ಕಳಿಸುವುದಕ್ಕೆ ಅವರಿಗೆ ಅವರವೇ ಕಾರಣಗಳಿದ್ದವು: ಇನ್ನೊಬ್ಬ ಮಗಳ ಮದುವೆ, ಕೇರಿಯವರ ಬಾಯಿ, ಮುಗಿಯದ ಸಾಲ.

ಈ ಹಾಲ್‌ಗಳು ಎಷ್ಟು ಮನೆಗಳಲ್ಲಿವೆ ಅನ್ನುವುದಕ್ಕೆ ಒಂದು ಲೆಕ್ಕವಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ ಶೇ. 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. 2015-16ರ ಸಮೀಕ್ಷೆಯಲ್ಲಿ ಇದು ಶೇ. 20.6 ಇತ್ತು. ಕೊರೊನಾ, ಲಾಕ್‌ಡೌನ್ ಅಂತ ಕಾರಣ ಹೇಳುವ ಹಾಗೂ ಇಲ್ಲ. ನಮ್ಮ ರಾಜ್ಯದಲ್ಲಿ ಆ ಸಮೀಕ್ಷೆಯ ಕೆಲಸ ಮುಗಿದದ್ದು 2019ರಲ್ಲೇ. ನನ್ನನ್ನು ಇನ್ನೂ ಹೆಚ್ಚು ತಟ್ಟಿದ್ದು ಅದೇ ಸಮೀಕ್ಷೆಯ ಇನ್ನೊಂದು ಅಂಕಿ: ದೇಶದಲ್ಲಿ ಹೊಡೆತಕ್ಕೋ ಲೈಂಗಿಕ ಹಿಂಸೆಗೋ ಒಳಗಾದವರಲ್ಲಿ ಯಾರದಾದರೂ ನೆರವು ಕೇಳಿದವರು ಶೇ. 14 ಮಾತ್ರ. ಕೇಳಿದವರಲ್ಲೂ ಹೆಚ್ಚಿನವರು ಹೋದದ್ದು ತವರಿನವರ ಹತ್ತಿರವೇ, ಪೊಲೀಸರ ಹತ್ತಿರವಲ್ಲ. ಅಂದರೆ ಮೊದಲ ಬಾಗಿಲು ನಾವೇ. ಆ ಬಾಗಿಲಲ್ಲಿ ಸಿಕ್ಕ ಉತ್ತರ ನೋಡಿಕೊಂಡೇ ಅವಳು ಮುಂದಿನದನ್ನು ತಟ್ಟುವುದೋ ಬೇಡವೋ ಅಂತ ಯೋಚಿಸುತ್ತಾಳೆ.

"ಬಿಟ್ಟು ಬಾ" ಅನ್ನುವವರು

ಹೊಂದಿಕೊಂಡು ಹೋಗು ಅನ್ನುವವರನ್ನು ಬೈಯುವುದು ಸುಲಭ. ನಮ್ಮ ಮನೆಯಲ್ಲಿ ಇನ್ನೊಂದು ಗುಂಪೂ ಇತ್ತು. ಅವರದು ಪ್ರೀತಿಯೇ, ಅನುಮಾನವಿಲ್ಲ. ಅವಳ ಅಣ್ಣ, "ಹೋಗಿ ನಾಲ್ಕು ಬಾರಿಸಿ ಬರ್ತೀನಿ" ಅಂತ ಬೈಕ್ ತೆಗೆದಿದ್ದ. ಅವನು ಬಾರಿಸಿ ಬಂದಿದ್ದರೆ ಆ ಏಟೆಲ್ಲ ರಾತ್ರಿ ಅವಳ ಮೇಲೇ ಬೀಳುತ್ತಿತ್ತು. ನಮ್ಮ ಚಿಕ್ಕ ಮಾವ ಓದಿದವರು, ನ್ಯಾಯವಂತರು. ಅವರು ಒಂದೇ ಮಾತು ಹೇಳಿದರು: "ಇವತ್ತೇ ಬಿಟ್ಟು ಬಾ. ನಾಳೆ ಮತ್ತೆ ಆ ಮನೆಗೆ ಹೋದ್ರೆ ನನ್ನ ಹತ್ರ ಬರಬೇಡ." ಅವಳು ಬಂದಳು. ಕೆಲವು ವಾರ ಇದ್ದಳು, ವಾಪಸ್ ಹೋದಳು. ಆಮೇಲೆ ಚಿಕ್ಕ ಮಾವನಿಗೆ ಫೋನ್ ಮಾಡುವುದನ್ನೇ ಬಿಟ್ಟಳು. ಮಾವ ಇವತ್ತಿಗೂ, "ನಾನು ಹೇಳಿದ್ದು ಸರಿಯಾಗೇ ಇತ್ತು" ಅನ್ನುತ್ತಾರೆ. ಇತ್ತು. ಆದರೆ ಮುಂದೆ ಅವಳಿಗೆ ಏಟು ಬಿದ್ದಾಗ ಮೊದಲು ಗೊತ್ತಾಗಬೇಕಿದ್ದ ಮನುಷ್ಯನಿಗೆ ಏನೂ ಗೊತ್ತಾಗದ ಹಾಗಾಯಿತು.

ಅವಳು ಬದುಕುತ್ತಿದ್ದ ರೀತಿಯನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ತಿಳಿದದ್ದು ಇದು. ಹೊಡೆತ ದಿನಾ ಇರಲಿಲ್ಲ. ದಿನಾ ಇದ್ದದ್ದು ಅಪ್ಪಣೆ. ಯಾವ ಸೀರೆ ಉಡಬೇಕು, ಯಾರ ಫೋನ್ ತೆಗೆಯಬೇಕು, ತವರಿಗೆ ಯಾವ ಹಬ್ಬಕ್ಕೆ ಹೋಗಬೇಕು, ಎಷ್ಟು ದಿನ ಇರಬೇಕು. ಅವಳ ಸಂಬಳದ ಎಟಿಎಂ ಕಾರ್ಡ್ ಗಂಡನ ಪರ್ಸಿನಲ್ಲಿ. ಗೃಹಲಕ್ಷ್ಮಿಯ 2000 ರೂಪಾಯಿ ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಹೆಸರಿರುವ ಅತ್ತೆಯ ಖಾತೆಗೆ. ಹೀಗೆ ಒಂದೊಂದೇ ತೀರ್ಮಾನ ಕೈಯಿಂದ ಹೋಗಿ, ಕೊನೆಗೆ ತನ್ನ ಬುದ್ಧಿಯ ಮೇಲೇ ನಂಬಿಕೆ ಹೋಗಿರುವವಳ ಹತ್ತಿರ ನಾವು ಹೋಗಿ, "ಇರು" ಅಂತಲೋ "ಬಿಡು" ಅಂತಲೋ ಅಪ್ಪಣೆ ಮಾಡಿದರೆ, ಅವಳ ಪಾಲಿಗೆ ಅಪ್ಪಣೆ ಮಾಡುವವರ ಸಂಖ್ಯೆ ಒಂದು ಹೆಚ್ಚಾಗುತ್ತದೆ ಅಷ್ಟೆ. ಅವಳು ಆ ಮನೆಯಿಂದ ಹೊರಗೆ ಬರಬೇಕಾದರೆ ಮೊದಲು ಯಾವುದೋ ಒಂದು ಸಣ್ಣ ವಿಷಯದಲ್ಲಾದರೂ ಅವಳ ಮಾತು ನಡೆಯಬೇಕು. ಆ ಜಾಗ ಕೊಡುವುದೇ ಹತ್ತಿರದವರ ಕೆಲಸ ಅಂತ ನಾನು ನಂಬಿದ್ದೇನೆ. ಇದು ಸುಮ್ಮನೆ ಕೂರುವುದಲ್ಲ. ಹೇಳಿ ಕೈ ತೊಳೆದುಕೊಳ್ಳುವುದಕ್ಕಿಂತ ಎಷ್ಟೋ ಕಷ್ಟದ ಕೆಲಸ.

ನಾನು ಒಂದು ಸಲ ಅವಳೊಬ್ಬಳೇ ಸಿಕ್ಕಾಗ ಕೇಳಿದೆ: "ನೀನು ಹೇಳಿದ್ದೆಲ್ಲ ನಂಬ್ತೀನಿ ಪುಟ್ಟಿ. ಈಗ ನಿನಗೇನು ಬೇಕು ಹೇಳು." ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಗನ ಪರೀಕ್ಷೆ ಮುಗೀಲಿ ಅಕ್ಕ. ಅಷ್ಟರೊಳಗೆ ನನ್ನ ಬಳೆ ಗಿರವಿ ಇಟ್ಟಿರೋ ಚೀಟಿ ನಿನ್ನ ಹತ್ರ ಇಟ್ಕೋ" ಅಂದಳು. ಇಷ್ಟು ದಿನ ನಾವೆಲ್ಲ ಮಾನ, ಮರ್ಯಾದೆ, ನ್ಯಾಯ ಅಂತ ಮಾತಾಡುತ್ತಿದ್ದೆವು. ಅವಳ ತಲೆಯಲ್ಲಿ ಇದ್ದದ್ದು ಪರೀಕ್ಷೆ ಮತ್ತು ಗಿರವಿ ಚೀಟಿ. ಅಂದರೆ ಅವಳು ಯೋಚನೆ ಮಾಡುತ್ತಲೇ ಇದ್ದಳು.

ಮಂಡಿನೋವಿನ ಮಾತು

ಫೋನ್ ಅವಳದ್ದಾದರೂ ಅದು ಅವಳ ಕೈಯಲ್ಲಿರಲಿಲ್ಲ. ಮಾತಾಡುವಾಗ ಸ್ಪೀಕರ್ ಹಾಕಬೇಕು. ಕಾಲ್ ಲಿಸ್ಟ್ ಅವಳ ಗಂಡ ರಾತ್ರಿ ನೋಡುತ್ತಾರೆ. ವಾಟ್ಸ್ಯಾಪ್ ಅವರ ಲ್ಯಾಪ್‌ಟಾಪ್‌ನಲ್ಲೂ ತೆರೆದುಕೊಂಡಿದೆ ಅನ್ನುವುದು ಅವಳಿಗೇ ತಡವಾಗಿ ಗೊತ್ತಾಯಿತು. ಹಾಗಾಗಿ ನಾವಿಬ್ಬರೂ ಒಂದು ಮಾತು ಮಾಡಿಕೊಂಡೆವು. "ಚಿಕ್ಕಮ್ಮನ ಮಂಡಿನೋವು ಹೇಗಿದೆ?" ಅಂತ ಅವಳು ಕೇಳಿದರೆ ಪಕ್ಕದಲ್ಲಿ ಅವರಿದ್ದಾರೆ ಅಂತ ಅರ್ಥ. ನಾನು ಎಣ್ಣೆ, ಶಾಖ, ಮಾತ್ರೆ ಅಂತ ಮಾತಾಡಿ ಇಡುತ್ತಿದ್ದೆ. "ಚಿಕ್ಕಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ರಾ?" ಅಂದರೆ ಯಾರನ್ನಾದರೂ ಕಳಿಸು ಅಂತ. ನಮ್ಮಮ್ಮನಿಗೆ ನಿಜವಾಗಿಯೂ ಮಂಡಿನೋವು ಇದ್ದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಎಷ್ಟೋ ಭಾನುವಾರ ಬರೀ ಮಂಡಿನೋವಿನ ಮಾತಷ್ಟೇ ಆಗುತ್ತಿತ್ತು. ಆದರೂ ನಾನು ತಪ್ಪದೆ ಫೋನ್ ಮಾಡುತ್ತಿದ್ದೆ. ಹೊಡೆಯುವವರಿಗೆ ಬೇಕಾಗಿರುವುದೇ ಅವಳಿಗೆ ಯಾರೂ ಇಲ್ಲ ಅನ್ನಿಸುವುದು. ವಾರಕ್ಕೊಂದು ಸಲ ಬರುವ, ಏನನ್ನೂ ವಿಚಾರಿಸದ, ಏನನ್ನೂ ಒತ್ತಾಯಿಸದ ಆ ಫೋನು ಅದಕ್ಕೆ ಅಡ್ಡ ನಿಲ್ಲುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಅವಳ ಒಪ್ಪಿಗೆಗೆ ಕಾಯುವುದಿಲ್ಲ ಅಂತ ಮೊದಲೇ ಹೇಳಿಟ್ಟಿದ್ದೆ. ಕತ್ತು ಹಿಸುಕಿದರೆ, ಕತ್ತಿ ಸೀಮೆಎಣ್ಣೆ ಅಂತ ಕೈಗೆತ್ತಿಕೊಂಡರೆ, ಕೊಲ್ಲುತ್ತೇನೆ ಅಂದರೆ ನಾನೇ 112ಕ್ಕೆ ಫೋನ್ ಮಾಡುತ್ತೇನೆ ಅಂತ. ಕತ್ತು ಹಿಸುಕಿದ್ದಕ್ಕೆ ಎಷ್ಟೋ ಸಲ ಹೊರಗೆ ಗುರುತೇ ಕಾಣುವುದಿಲ್ಲ. ಆದರೆ ಮುಂದೆ ಜೀವಕ್ಕೇ ಅಪಾಯವಿದೆ ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಸೂಚನೆ ಕಡಿಮೆ. "ಬರೀ ಕತ್ತು ಹಿಡಿದಿದ್ದಷ್ಟೇ" ಅಂತ ಅವಳು ಹೇಳಿದರೂ ನಾವು ಹಾಗೆ ತಿಳಿಯಬಾರದು.

ಕಾಯ್ದೆಯ ಮಾತು

ನಮ್ಮ ಮನೆಯವರಿಗೆಲ್ಲ ಕೇಸ್ ಅಂದರೆ ಒಂದೇ ಅರ್ಥ: ಅಳಿಯನನ್ನು ಜೈಲಿಗೆ ಹಾಕಿಸುವುದು. ಹೆಂಡತಿಯ ಮೇಲಿನ ಕ್ರೌರ್ಯಕ್ಕೆ ಶಿಕ್ಷೆ ಕೊಡುವ ಹಿಂದಿನ 498ಎ, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್ ಆಗಿರುವುದು, ಕ್ರಿಮಿನಲ್ ದಾರಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯದು ಬೇರೆ ದಾರಿ. ಅಲ್ಲಿ ಅವಳು ಕೇಳುವುದು ತನಗೆ ರಕ್ಷಣೆ, ಇರಲು ಮನೆ, ಖರ್ಚಿಗೆ ಹಣ, ಮಗು ತನ್ನ ಹತ್ತಿರ ಇರಲಿ ಅನ್ನುವ ಆದೇಶ. ಬೈಗುಳ, ಅವಮಾನ, ಸಂಬಳ ಕಿತ್ತುಕೊಳ್ಳುವುದು, ಒಡವೆ ಮಾರಿಕೊಳ್ಳುವುದು ಎಲ್ಲವೂ ಈ ಕಾಯ್ದೆಯಲ್ಲಿ ದೌರ್ಜನ್ಯವೇ. "ಮೈ ಮೇಲೆ ಗಾಯ ಎಲ್ಲಿದೆ?" ಅಂತ ಕೇಳುವ ನಂಟರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಯಿತು. ಮನೆ ಮಾವನ ಹೆಸರಲ್ಲಿದೆ, ಅವಳಿಗೆ ಅಲ್ಲಿ ಹಕ್ಕಿಲ್ಲ ಅಂತ ಗಂಡಿನ ಕಡೆಯವರು ಹೆದರಿಸುತ್ತಿದ್ದರು. ಗಂಡನ ಜೊತೆ ಸಂಸಾರ ಮಾಡಿದ ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಸೊಸೆ ಅಲ್ಲಿ ವಾಸದ ಹಕ್ಕು ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲೇ ಹೇಳಿದೆ.

ಕರ್ನಾಟಕದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿ ಅಂದರೆ ತಾಲ್ಲೂಕಿನ ಸಿಡಿಪಿಒ, ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿ ನೋಡಿಕೊಳ್ಳುವ ಅದೇ ಕಚೇರಿ. ಮೊದಲ ಸಲ ನಾನೊಬ್ಬಳೇ ಹೋದಾಗ ಅಲ್ಲಿ ಪೌಷ್ಟಿಕ ಆಹಾರದ ಮೂಟೆಗಳ ಪಕ್ಕ ಅಂಗನವಾಡಿ ಕಾರ್ಯಕರ್ತೆಯರು ರಿಜಿಸ್ಟರ್ ಹಿಡಿದು ಕೂತಿದ್ದರು. ಇಂಥ ದೂರು ಕೊಡುವ ಜಾಗ ಇದೇನಾ ಅನ್ನಿಸಿತು. ಅಲ್ಲಿದ್ದ ಮೇಡಂ ಫಾರಂ ತೋರಿಸಿ, ಏನೇನು ಬೇಕು ಅಂತ ನಿಧಾನವಾಗಿ ಹೇಳಿದರು: ಯಾವ ದಿನ, ಎಲ್ಲಿ, ಏನಾಯಿತು, ಆಸ್ಪತ್ರೆಗೆ ಹೋಗಿದ್ದರೆ ಅದರ ಚೀಟಿ. ಅದನ್ನು ಅವರು ಕೌಟುಂಬಿಕ ಘಟನಾ ವರದಿ ಮಾಡಿ ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಅಂದಿನಿಂದ ಒಂದು ನೋಟ್‌ಬುಕ್ ನನ್ನ ಬೀರುವಿನಲ್ಲಿ ಶುರುವಾಯಿತು. ಅವಳು ಸಿಕ್ಕಾಗೆಲ್ಲ ಹೇಳಿದ್ದನ್ನು ತಾರೀಖು ಹಾಕಿ ಬರೆದೆ. ಗಾಯದ ಫೋಟೊ ನನ್ನ ಫೋನಿನಲ್ಲೇ ತೆಗೆದೆ, ಅವಳದರಲ್ಲಿ ಉಳಿಯದ ಹಾಗೆ. ಮಹಿಳಾ ಸಹಾಯವಾಣಿ 181ಕ್ಕೂ ನನ್ನ ಫೋನಿನಿಂದಲೇ ಮಾಡಿದ್ದು. ನೊಂದ ಹೆಂಗಸರಿಗೆ ನೆರವಾಗುವ ತಾಲ್ಲೂಕಿನ ಸಾಂತ್ವನ ಕೇಂದ್ರ, ಜಿಲ್ಲೆಯ ಸಖಿ ಕೇಂದ್ರ ಎರಡರಲ್ಲೂ ಅವಳ ಪರವಾಗಿ ಮೊದಲೇ ವಿಚಾರಿಸಿಟ್ಟೆ. ವಕೀಲರ ಫೀಸಿಗೆ ದುಡ್ಡೆಲ್ಲಿ ಅನ್ನುವ ಚಿಂತೆಗೂ ಉತ್ತರ ಸಿಕ್ಕಿತು: ಹೆಣ್ಣುಮಕ್ಕಳಿಗೆ ವರಮಾನ ಎಷ್ಟೇ ಇರಲಿ, ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ ಕೇಳಬಹುದು.

ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ದೌರ್ಜನ್ಯ ನಡೆಯುತ್ತಿದೆ ಅಂತ ನಂಬಲು ಕಾರಣವಿರುವ ಯಾರು ಬೇಕಾದರೂ, ಪಕ್ಕದ ಮನೆಯವರೂ, ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ನಾನು ಆ ಸೆಕ್ಷನ್ ಬಳಸಲಿಲ್ಲ. ಅವಳನ್ನು ಕೇಳದೆ ದೂರು ಕೊಟ್ಟು, ಅಧಿಕಾರಿಗಳು ಆ ಮನೆ ಬಾಗಿಲಿಗೆ ಹೋಗಿದ್ದರೆ, ಅವರು ವಾಪಸ್ ಹೋದ ಮೇಲೆ ಆ ಮನೆಯಲ್ಲಿ ಇರಬೇಕಾದವಳು ಅವಳು. ಮಾಹಿತಿಯನ್ನೆಲ್ಲ ತಂದು ಅವಳ ಮುಂದಿಟ್ಟೆ. ಯಾವಾಗ ಬಳಸಬೇಕು ಅನ್ನುವುದನ್ನು ಅವಳಿಗೆ ಬಿಟ್ಟೆ.

ಹೊರಟ ದಿನ, ಆಮೇಲಿನ ದಿನಗಳು

"ಅಷ್ಟು ಹೊಡೆಸಿಕೊಂಡೂ ಯಾಕೆ ವಾಪಸ್ ಹೋದ್ಲು?" ಅಂತ ಕೇಳದವರಿಲ್ಲ. ಆ ಮನುಷ್ಯ ಹೊಡೆದ ಮಾರನೇ ದಿನ ಮಲ್ಲಿಗೆ ತರುತ್ತಿದ್ದರು. ಮಗನಿಗೆ ಜ್ವರ ಬಂದಾಗ ರಾತ್ರಿಯಿಡೀ ಎದ್ದಿದ್ದರು. ಅವಳು ಪ್ರತಿ ಸಲ ವಾಪಸ್ ಹೋದದ್ದು ಆ ಮನುಷ್ಯನ ಹತ್ತಿರಕ್ಕೆ, ಹೊಡೆಯುವವನ ಹತ್ತಿರಕ್ಕಲ್ಲ. ಇಬ್ಬರೂ ಒಬ್ಬರೇ ಅಂತ ಮನಸ್ಸು ಒಪ್ಪುವುದಕ್ಕೆ ಕಾಲ ಬೇಕು. ನಾವು ಅದನ್ನು ಬೇಗ ಮುಗಿಸುವ ಹಾಗಿಲ್ಲ. ನಾನು ಮಾಡಿದ್ದು ಒಂದೇ: ವಾಪಸ್ ಹೋದಾಗ ಮುಖ ತಿರುಗಿಸಲಿಲ್ಲ. "ತಲುಪಿದೆಯಾ, ಊಟ ಆಯ್ತಾ" ಅಂತ ಅದೇ ಭಾನುವಾರ ಫೋನ್ ಮಾಡಿದೆ.

ಮಗನ ಪರೀಕ್ಷೆ ಮುಗಿದ ಮೇಲೆ ಅವಳೇ ದಿನ ಗೊತ್ತು ಮಾಡಿದಳು. ಅದಕ್ಕೂ ಎಷ್ಟೋ ಮೊದಲು ಒಂದೊಂದೇ ಕಾಗದ ನನ್ನ ಕೈ ಸೇರಿತ್ತು. ಮಾರ್ಕ್ಸ್ ಕಾರ್ಡ್, ಮಗನ ಜನನ ಪ್ರಮಾಣಪತ್ರ, ಮದುವೆ ಫೋಟೊ, ಪಾಸ್‌ಬುಕ್ಕಿನ ಜೆರಾಕ್ಸ್. ಎಲ್ಲಕ್ಕಿಂತ ಕಷ್ಟವಾದದ್ದು ಆಧಾರ್ ಕಾರ್ಡ್. ಅದು ಗಂಡನ ಬೀರುವಿನಲ್ಲಿತ್ತು. ಮಗನ ಸ್ಕಾಲರ್‌ಶಿಪ್ಪಿಗೆ ತಾಯಿಯ ಆಧಾರ್ ಬೇಕಂತೆ ಅಂತ ಕೇಳಿ ಈಚೆಗೆ ತೆಗೆಸಿಕೊಂಡಳು. ಅವಳ ಕೈಯಲ್ಲಿ ಬಸ್ ಚಾರ್ಜಿಗೂ ದುಡ್ಡು ಇರುತ್ತಿರಲಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಿದ್ದರಿಂದ ಆಧಾರ್ ಇದ್ದರೆ ಸಾಕಾಗಿತ್ತು. ಬೆಳಿಗ್ಗೆ ಮಗನನ್ನು ಕರೆದುಕೊಂಡು, ದೇವಸ್ಥಾನಕ್ಕೆ ಅಂತ ಕೈಯಲ್ಲೊಂದು ಹಣ್ಣುಕಾಯಿ ಬುಟ್ಟಿ ಹಿಡಿದು ಹೊರಟವಳು ಸರ್ಕಾರಿ ಬಸ್ಸು ಹತ್ತಿ ಶೂನ್ಯ ಟಿಕೆಟ್ ತೆಗೆದುಕೊಂಡಳು. ಹೆಂಗಸರಿಗೆ ಪುಕ್ಕಟೆ ಬಸ್ ಯಾಕೆ ಅಂತ ವಾದ ಮಾಡುವವರು ಸಿಕ್ಕಾಗೆಲ್ಲ ನನಗೆ ಆ ಟಿಕೆಟ್ ನೆನಪಾಗುತ್ತದೆ. ಅದು ಇನ್ನೂ ನನ್ನ ನೋಟ್‌ಬುಕ್ಕಿನಲ್ಲಿದೆ.

ಬಂದಳಲ್ಲ, ಎಲ್ಲಾ ಮುಗಿಯಿತು ಅಂತ ಮನೆಯವರು ಉಸಿರು ಬಿಟ್ಟರು. ಹೆಚ್ಚು ಅಪಾಯವಿರುವುದು ಹೊರಟು ಬಂದ ಮೇಲಿನ ದಿನಗಳಲ್ಲೇ. ಕೈ ತಪ್ಪಿ ಹೋದಳು ಅನ್ನುವ ಸಿಟ್ಟು ಆಗ ಏರಿರುತ್ತದೆ. ಅವಳ ಗಂಡ ದೊಡ್ಡಮ್ಮನ ಮನೆ ಮುಂದೆ ರಾತ್ರಿ ಬಂದು ನಿಂತರು. ಮಗನ ಹೊಸ ಸ್ಕೂಲು ಹುಡುಕಿದರು. ಅವಳು ನನ್ನ ಮನೆಯಲ್ಲೂ ಇರಲಿಲ್ಲ, ತವರಿನಲ್ಲೂ ಇರಲಿಲ್ಲ. ಅವರು ಊಹಿಸದ ಗೆಳತಿಯೊಬ್ಬಳ ಮನೆಯಲ್ಲಿದ್ದಳು. ಎಲ್ಲಿ ಅಂತ ಚಿಕ್ಕ ಮಾವನಿಗೂ ಹೇಳಿರಲಿಲ್ಲ. ಠಾಣೆಯೊಂದರಲ್ಲಿ ಮತ್ತೆ ಅದೇ, "ಇಬ್ಬರನ್ನೂ ಕೂರಿಸಿ ಮಾತಾಡೋಣ" ಅಂದರು. ಅವಳು ಒಪ್ಪಲಿಲ್ಲ. ಸಿಡಿಪಿಒ ವರದಿಯ ಮೇಲೆ ಕೋರ್ಟಿನಲ್ಲಿ ಮಧ್ಯಂತರ ರಕ್ಷಣಾ ಆದೇಶ ಸಿಕ್ಕಿತು. ಆ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆಮೇಲೆ ಮನೆ ಮುಂದೆ ನಿಲ್ಲುವುದು ನಿಂತಿತು. ಮೊದಲ ವಿಚಾರಣೆಯಿಂದ 60 ದಿನಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆಯಲ್ಲಿದ್ದರೂ ಜೀವನಾಂಶದ ವಿಷಯ ವಾಯಿದೆ ಮೇಲೆ ವಾಯಿದೆ ಬೀಳುತ್ತಲೇ ಇದೆ. ಕೋರ್ಟಿಗೆ ಹೋಗುವ ದಿನ ಅವಳ ಜೊತೆ ಯಾರಾದರೊಬ್ಬರು ಹೋಗುತ್ತೇವೆ. ಅಲ್ಲಿ ನಮಗೇನೂ ಕೆಲಸವಿರುವುದಿಲ್ಲ. ಕಾರಿಡಾರಿನಲ್ಲಿ ಅವರು ಎದುರಿಗೆ ಬಂದಾಗ ಅವಳ ಪಕ್ಕದಲ್ಲಿ ಒಬ್ಬರು ನಿಂತಿರಬೇಕು ಅಷ್ಟೆ.

ಸ್ಟಾಫ್ ರೂಮಿನಲ್ಲಿ ಕೇಳಿದವರಿಗೆ ನಾನು ಇದನ್ನೆಲ್ಲ ಒಂದೇ ಪೀರಿಯಡ್‌ನಲ್ಲಿ ಹೇಳಲಾಗಲಿಲ್ಲ. "ನಿಮ್ಮ ನಾದಿನಿ ಒಬ್ಬರೇ ಸಿಗೋದು ಯಾವಾಗ?" ಅಂತ ಕೇಳಿದೆ. ಬುಧವಾರ ಸಂತೆಗೆ ಬರುತ್ತಾಳಂತೆ. ಹಾಗಾದರೆ ಬುಧವಾರ ಸಂತೆಗೆ ಹೋಗಿ, ತರಕಾರಿ ಚೀಲ ಹಿಡಿದುಕೊಂಡು ಅವರ ಜೊತೆ ನಡೆಯಿರಿ, ಅವರಾಗಿ ಮಾತಾಡುವ ತನಕ ನೀವು ಮಾತಾಡಬೇಡಿ ಅಂದೆ.

ನಮ್ಮ ಮನೆಯಲ್ಲಿ ಈಗ ಇನ್ನೊಂದು ವಿಷಯ ಎದ್ದಿದೆ. ಮುಂದಿನ ತಿಂಗಳು ದೊಡ್ಡ ಮಾವನ ಹೊಸ ಮನೆಯ ಗೃಹಪ್ರವೇಶ. "ಕೋರ್ಟು ಕಚೇರಿ ಏನೇ ಇರಲಿ, ಅಳಿಯಂದಿರನ್ನ ಕರೀದೆ ಇದ್ರೆ ಚೆನ್ನಾಗಿರಲ್ಲ. ಇಬ್ಬರಿಗೂ ಒಂದೊಂದು ಪತ್ರಿಕೆ ಕೊಡೋಣ" ಅಂತ ಮಾವ ಹೊರಟಿದ್ದರು. ನಮ್ಮಮ್ಮ, "ಅದನ್ನ ಅವಳನ್ನೇ ಕೇಳಣ್ಣ" ಅಂದರು. ಮಾವ ಫೋನ್ ಮಾಡಿದಾಗ ನಾನು ಅವಳ ಪಕ್ಕದಲ್ಲೇ ಇದ್ದೆ. ಅವಳು ಸ್ಪೀಕರ್ ಹಾಕಲಿಲ್ಲ. "ಅವರನ್ನ ಕರೆದ್ರೆ ನಾನು ಬರಲ್ಲ ಮಾವ. ಕರೀಲಿಲ್ಲ ಅಂದ್ರೆ ಹಿಂದಿನ ದಿನಾನೇ ಬಂದು ಒಬ್ಬಟ್ಟಿನ ಕೆಲಸಕ್ಕೆ ನಿಲ್ತೀನಿ. ನೀವು ಯೋಚನೆ ಮಾಡಿ ಹೇಳಿ" ಅಂದಳು. ಮಾವ ಇನ್ನೂ ಹೇಳಿಲ್ಲ. ಪತ್ರಿಕೆ ಪ್ರಿಂಟಾಗಿ ಬಂದಿದೆ.